ಕರೆಂಟು ಕುಡಿದ ತಾಟು

ಚಿತ್ತಾಪುರದ ದಾಲ್ ಮಿಲ್ಲೊಂದರ ಗುಮಾಸ್ತ ಸೂಗಪ್ಪನಿಗೆ ಈ ಭೂಮಿಯ ಮೇಲೆ ವೈರಿ ಎಂಬುವನು ಒಬ್ಬನೇ ಒಬ್ಬನಿದ್ದ. ಅವನು ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಹೆಸರು ನಾಗೇಂದ್ರಪ್ಪ. ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಈ ಮನುಷ್ಯ ಸೂಗಪ್ಪನಿಗೆ ಯಾವ ಕೇಡನ್ನೂ ಬಗೆದವನಲ್ಲ. ಸಿಕ್ಕಾಗಲೆಲ್ಲ ‘ಅಣ್ಣಾರ’ ಎಂದು ಕೈ ಮುಗಿದು ಆರೋಗ್ಯ ವಿಚಾರಿಸುತ್ತಿದ್ದ. ಸೂಗಪ್ಪನಿಗೆ ತಡೆಯಲಾಗದಿದ್ದದ್ದು ಅದೇ. ಕೇಡು ಬಗೆಯುವವನನ್ನಾದರೆ ನಾಲ್ಕು ಮಂದಿಯ ಎದುರು ಬಯ್ದು ಹಗುರಾಗಬಹುದು. ಕೈ ಮುಗಿಯುವವನ ಮೇಲಿನ ಹೊಟ್ಟೆಕಿಚ್ಚನ್ನು ಒಬ್ಬನೇ ಕೂತು ಪಡಬೇಕಾಗುತ್ತದೆ.

ನಾಗೇಂದ್ರಪ್ಪನಿಗೆ ಕಾರ್ಖಾನೆಯ ನೌಕರಿ ಸಿಕ್ಕಾಗ ಸೂಗಪ್ಪನಿಗೆ ಜ್ವರ ಬಂದಿತ್ತು. ಅವನು ಕ್ವಾರ್ಟರ್ಸಿಗೆ ಹೋದಾಗ ಹಲ್ಲುನೋವು ಶುರುವಾಯಿತು. ಸ್ಕೂಟರ್ ಕೊಂಡಾಗ ಯಾವ ಡಾಕ್ಟರಿಗೂ ಹೆಸರು ಗೊತ್ತಿಲ್ಲದ ಒಂದು ಬೇನೆ ಸೊಂಟದಲ್ಲಿ ಹುಟ್ಟಿಕೊಂಡು, ಆ ಸ್ಕೂಟರು ವಾಡಿಯ ಹತ್ತಿರ ಕೆಟ್ಟು ನಿಂತ ಸುದ್ದಿ ಬಂದ ದಿನ ತಾನಾಗಿ ವಾಸಿಯಾಯಿತು. ಇಷ್ಟೆಲ್ಲ ಕಷ್ಟದ ನಡುವೆಯೂ ಅವನಿಗೊಂದು ಸಮಾಧಾನವಿತ್ತು. ಸೇಡಂನಲ್ಲಿದ್ದ ಮಾವ ಸಂಗಣ್ಣನ ಮನೆಗೆ ಅವನು ಹಿರಿಯ ಅಳಿಯ. ಆ ಮನೆಯ ಮದುವೆಗಳಲ್ಲಿ ಮೊದಲ ಆಯೇರಿ ಅವನದು. ಬಂಧುಗಳು ಮದುಮಕ್ಕಳಿಗೆ ಕೊಡುವ ಉಡುಗೊರೆಗೆ ಆ ಕಡೆ ಆಯೇರಿ ಎನ್ನುತ್ತಾರೆ. ಕೊಟ್ಟವರ ಹೆಸರನ್ನು ಇಡೀ ಹಂದರಕ್ಕೆ ಕೇಳುವ ಹಾಗೆ ಕೂಗಿ ಹೇಳುತ್ತಾರೆ. ಮೊದಲ ಹೆಸರು ಯಾರದೋ ಅವನ ತಲೆಗೆ ಮಾವ ಕೈಯಾರೆ ರುಮಾಲು ಸುತ್ತಿ, ಜಮಖಾನೆಯ ಮೇಲೆ ತನ್ನ ಪಕ್ಕದ ಲೋಡಿಗೆ ಒರಗಿಸಿ ಕೂಡಿಸಿಕೊಳ್ಳುತ್ತಾನೆ. ನಾಗೇಂದ್ರಪ್ಪನ ಮದುವೆಯಲ್ಲೇ ಸೂಗಪ್ಪ ಹೀಗೆ ರುಮಾಲು ಸುತ್ತಿಸಿಕೊಂಡು ಲೋಡಿಗೆ ಒರಗಿದ್ದ. ಎಷ್ಟೇ ಸ್ಕೂಟರು ಓಡಿಸಿದರೂ ನಾಗೇಂದ್ರಪ್ಪ ಆ ಲೋಡಿನವರೆಗೆ ಬರಲಾರ ಎಂಬ ನಂಬಿಕೆಯ ಮೇಲೆಯೇ ಅವನ ಸಂಸಾರ ಸುಖವಾಗಿ ನಡೆದಿತ್ತು.

ಹೀಗಿರುವಾಗ ಮಾವನ ಕಿರಿಮಗಳು ಚಂದಮ್ಮನ ನಿಶ್ಚಯಕ್ಕೆ ಎಲ್ಲರೂ ಸೇಡಂನಲ್ಲಿ ಕೂಡಿದರು. ನಾಗೇಂದ್ರಪ್ಪನ ಹೆಂಡತಿ ಮಹಾದೇವಮ್ಮ ಹೋಳಿಗೆ ಬಡಿಸುತ್ತ ಬಂದು ಸೂಗಪ್ಪನ ಎದುರು ಬಗ್ಗಿದಾಗ ಅವಳ ಕೈಯಲ್ಲೊಂದು ಬಳೆ ಕಂಡಿತು. ಗಾಜಿನದಲ್ಲ, ಬಂಗಾರದ್ದೂ ಅಲ್ಲ. ನವಿಲಿನ ಕೊರಳಿನ ನೀಲಿ ಬಣ್ಣ, ಕೈ ಹೊರಳಿಸಿದರೆ ಅಂಚಿನಲ್ಲಿ ಬದನೆಕಾಯಿ ಬಣ್ಣ. ಹೆಂಗಸರೆಲ್ಲ ಊಟ ಬಿಟ್ಟು ಅವಳ ಕೈ ಹಿಡಿದು ಕೂತರು. ಸೂಗಪ್ಪನ ಹೆಂಡತಿ ನೀಲಾಬಾಯಿಯಂತೂ ತಂಗಿಯ ಕೈಯನ್ನು ಬಿಡಲೇ ಇಲ್ಲ. ಅದನ್ನು ಕಂಡು ಸೂಗಪ್ಪ ತುಪ್ಪದ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ.

ಊಟವಾದ ಮೇಲೆ ಬಳೆ ಗಂಡಸರ ಜಮಖಾನೆಗೂ ಬಂತು. ಸಂಗಣ್ಣ ಅದನ್ನು ಉಗುರಿನಿಂದ ಕೆರೆದು ನೋಡಿ, ಯಾವ ಅಂಗಡಿಯ ಬಣ್ಣ ಎಂದು ಕೇಳಿದ.

“ಬಣ್ಣ ಹಚ್ಚಿಲ್ರಿ ಮಾವಾರ, ಒಂದು ಹನಿ ಬಣ್ಣ ಇಲ್ಲ ಇದಕ್ಕ,” ಎಂದ ನಾಗೇಂದ್ರಪ್ಪ. “ನಮ್ಮ ಕಾರ್ಖಾನ್ಯಾಗ ಒಂದು ಥರದ ಲೋಹ ಬರ್ತದ. ಅದರ ಕೊಳವಿ ಕೊಯ್ದಾಗ ಉಳದ ತುಂಡಿದು. ನೀರಾಗ ಇಳಿಬಿಟ್ಟು ಕರೆಂಟ್ ಕೊಟ್ಟರ ತನ್ನ ಬಣ್ಣ ತಾನೇ ತಗೀತದ. ಜರಾ ಕೊಟ್ಟರ ಬಂಗಾರ, ಹೆಚ್ಚು ಕೊಟ್ಟರ ನೀಲಿ. ಖರೇ ಹೇಳ್ಬೇಕಂದ್ರ ಅದು ತುಕ್ಕಿನ ಪೊರಿ. ಭಾಳ ತೆಳ್ಳಗ ಇರ್ತದ. ಪೊರಿ ದಪ್ಪ ಆದಂಗ ಬಣ್ಣ ಬದಲಾಗ್ತದ.”

ಲೋಹದ ಹೆಸರೇನೆಂದು ಸೂಗಪ್ಪ ಕೇಳಿದ್ದಕ್ಕೆ ನಾಗೇಂದ್ರಪ್ಪ ಮುಗುಳ್ನಕ್ಕು, ಹೆಸರು ಹೇಳಿದರೆ ಅಣ್ಣಾವರಿಗೆ ತಿಳಿಯಲಿಕ್ಕಿಲ್ಲ ಎಂದ. ಸಂಗಣ್ಣ ಬಳೆಯನ್ನು ಮರಳಿ ಕೊಡುತ್ತ, ತನ್ನ ಪಕ್ಕದ ಲೋಡನ್ನು ನಾಗೇಂದ್ರಪ್ಪನ ಕಡೆಗೆ ಒಂದು ಗೇಣು ಸರಿಸಿದ. ಸೂಗಪ್ಪನ ಹೊರತು ಅದನ್ನು ಯಾರೂ ನೋಡಲಿಲ್ಲ. ಸೂಗಪ್ಪನಿಗೆ ಮಾತ್ರ ಆ ಒಂದು ಗೇಣಿನಲ್ಲಿ ತನ್ನ ಬದುಕೇ ಸರಿದು ಹೋದ ಹಾಗಾಯಿತು.

“ತುಕ್ಕು ಹಿಡಸೋದು ಏನ ದೊಡ್ಡ ಮಾತ್ರಿ ಮಾವಾರ?” ಎಂದ. ಹೀಗೆ ಹೇಳಿ ಸುಮ್ಮನಾಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. “ಬಳಿ ಏನು, ಸಣ್ಣದು. ಚಂದಮ್ಮನ ಮದುವಿಗಿ ನಾ ಇದೇ ಬಣ್ಣದಾಗ ಒಂದು ದೊಡ್ಡ ತಾಟ ಮಾಡಿ ತರ್ತೀನಿ.”

ಒಳಬಾಗಿಲಲ್ಲಿ ನಿಂತಿದ್ದ ನೀಲಾಬಾಯಿ ಹಣೆ ಒತ್ತಿಕೊಂಡಳು. ಸಂಗಣ್ಣ ಎಲೆಗೆ ಸುಣ್ಣ ಹಚ್ಚುತ್ತ, “ತರ್ರಿ ಅಳಿಯಾರ,” ಎಂದ. “ತಂದ್ರ ಮೊದಲ ಆಯೇರಿ ನಿಮ್ದೇ. ತರಲಿಲ್ಲಂದ್ರ ಈ ಸಲ ನಾಗೇಂದ್ರಪ್ಪನೋರಿಗಿ ಬಿಡಬೇಕಾಗ್ತದ ನೋಡ್ರಿ.” ನಗುತ್ತಲೇ ಹೇಳಿದ ಮಾತು. ಆದರೆ ಸಂಗಣ್ಣ ನಗುತ್ತ ಹೇಳಿದ್ದನ್ನೆಲ್ಲ ಮಾಡಿಯೇ ತೀರುವವನೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಚಿತ್ತಾಪುರಕ್ಕೆ ಮರಳಿದ ಸೂಗಪ್ಪ ಕೆಲಸಕ್ಕೆ ಕೈ ಹಾಕಿದ. ತುಕ್ಕು ಎಂದ ಮೇಲೆ ಕಬ್ಬಿಣವೇ ಆಗಬೇಕಲ್ಲ ಎಂಬುದು ಅವನ ತರ್ಕ. ತರ್ಕದಲ್ಲಿ ತಪ್ಪೇನೂ ಇರಲಿಲ್ಲ, ಲೋಹದಲ್ಲಿ ಮಾತ್ರ ಇತ್ತು. ಕಂಬದ ಕರೆಂಟೆಂದರೆ ಅವನಿಗೆ ಪ್ರಾಣಭಯ. ಮಿಲ್ಲಿನಲ್ಲಿ ಸ್ವಿಚ್ಚು ಒತ್ತಬೇಕಾದರೂ ಒಣ ಕಟ್ಟಿಗೆಯ ತುದಿಯಿಂದ ಒತ್ತುವವನು. ಆದ್ದರಿಂದ ಟಾರ್ಚಿನ ಸೆಲ್ಲುಗಳನ್ನು ಸೀಳಿದ ಬಿದಿರಿನ ದಬ್ಬೆಯಲ್ಲಿ ಒಂದರ ಬೆನ್ನಿಗೊಂದು ಜೋಡಿಸಿ, ಸೈಕಲ್ ಟ್ಯೂಬಿನಿಂದ ಬಿಗಿದು, ಎರಡೂ ತುದಿಗೆ ತಂತಿ ಕಟ್ಟಿದ. ಹಿತ್ತಲಿನ ಕಲ್ಲಿನ ಬಾನಿಯಲ್ಲಿ ಉಪ್ಪುನೀರು ತುಂಬಿ, ನೀಲಾಬಾಯಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಮುಳುಗಿಸಿದ. ಹೊತ್ತು ಇಳಿಯುವುದರೊಳಗೆ ನೀರು ಕೆಂಪು ಸಾರಿನ ಬಣ್ಣಕ್ಕೆ ತಿರುಗಿತು. ಹಂಚು ಮಾತ್ರ ಸಿಡುಬಿನ ಮುಖ ಹೊತ್ತು ಮೇಲೆ ಬಂತು. ಮರುದಿನ ಬೆಳ್ಳಿಯ ಕುಂಕುಮ ಭರಣಿಯನ್ನು ಮುಳುಗಿಸಿದ. ಅದು ಒಲೆಯ ಕಲ್ಲಿಗಿಂತ ಕಪ್ಪಾಯಿತು.

ಭರಣಿ ನೀಲಾಬಾಯಿಯ ತವರಿನದು. ಅವಳು ಬಯ್ಯಲಿಲ್ಲ, ಅಳಲಿಲ್ಲ. ದಿನಾ ಊಟದ ಹೊತ್ತಿಗೆ ಆ ಕಪ್ಪು ಭರಣಿಯನ್ನು ತಂದು ಗಂಡನ ಎದುರಿಗೆ, ನೀರಿನ ತಂಬಿಗೆಯ ಪಕ್ಕ ಇಟ್ಟು ಒಳಗೆ ಹೋಗತೊಡಗಿದಳು. ಸೂಗಪ್ಪ ಗೋಡೆಗೆ ಮುಖ ಮಾಡಿ ಉಣ್ಣುವುದನ್ನು ಕಲಿತ.

ಸೆಲ್ಲು ಸಾಲದು ಎಂಬುದು ಓಣಿಯವರೆಲ್ಲರ ಅಭಿಪ್ರಾಯವಾಗಿತ್ತು. ಹೀಗಾಗಿ ಪಕ್ಕದ ಮನೆಯ ಹಮೀದಾಬಿ ಮೊದಲಾಗಿ ಒಬ್ಬೊಬ್ಬರೂ ತಮ್ಮ ಟಾರ್ಚಿನ ಸೆಲ್ಲು ತಂದುಕೊಟ್ಟರು. ಕೊಟ್ಟ ಮೇಲೆ ನೋಡುವ ಹಕ್ಕು ಬಂದಂತಾಯಿತೆಂದು ಹಿತ್ತಲಿನಲ್ಲೇ ಕೂತರು. ಸೂಗಪ್ಪ ಕರೆಂಟು ಕೊಟ್ಟು ಪಾತ್ರೆಗಳ ಬಣ್ಣ ಬದಲಿಸುತ್ತಿದ್ದಾನೆಂಬ ಸುದ್ದಿ ಊರಲ್ಲಿ ಹಬ್ಬಿ, ಒಂದು ದಿನ ಲೈನ್‌ಮನ್ ಏಣಿ ಹೊತ್ತುಕೊಂಡು ಬಂದ. ಮೀಟರು ತಿರುಗದೆ ಪಾತ್ರೆ ಕಪ್ಪಾಗುತ್ತಿದೆಯೆಂದರೆ ಕದ್ದ ಕರೆಂಟೇ ಇರಬೇಕೆಂದು ಅವನ ಲೆಕ್ಕ. ಕಂಬ ಹತ್ತಿದ, ಮಾಳಿಗೆ ಹತ್ತಿದ, ಕೊನೆಗೆ ಹಿತ್ತಲಿಗೆ ಬಂದು ಸೆಲ್ಲುಗಳ ಸಾಲನ್ನು ಕಂಡು ಪೆಚ್ಚಾದ. ಸೆಲ್ಲಿನ ಕರೆಂಟಿಗೂ ತನ್ನ ಇಲಾಖೆಗೂ ಸಂಬಂಧವಿಲ್ಲವೆಂದು ಚಹಾ ಕುಡಿಯುತ್ತ ಒಪ್ಪಿಕೊಂಡ. ಕಳ್ಳನನ್ನು ಹಿಡಿಯಲು ಬಂದ ಆ ಮನುಷ್ಯ ಹೋಗುವಾಗ ತನ್ನ ಟಾರ್ಚಿನ ಸೆಲ್ಲುಗಳನ್ನೂ ಸೂಗಪ್ಪನಿಗೆ ಬಿಚ್ಚಿ ಕೊಟ್ಟು ಹೋದ.

ಇಷ್ಟಾದರೂ ಲೋಹ ಯಾವುದೆಂದು ತಿಳಿಯಲಿಲ್ಲ. ಸೂಗಪ್ಪ ಒಂದು ದಿನ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಶಹಾಬಾದಿನ ಗುಜರಿ ಅಂಗಡಿಯ ಪರಿಚಯದ ಮಶಾಕನ ಎದುರು ಹೋಗಿ ನಿಂತ. ಕರೆಂಟು ಕುಡಿದು ಬಣ್ಣ ತೆಗೆಯುವ ಲೋಹ ಇದೆಯೇ ಎಂದು ಕೇಳಿದ. ಮಶಾಕ ತಗಡಿನ ರಾಶಿಯಿಂದ ಒಂದು ದುಂಡನೆಯ ತಟ್ಟೆಯನ್ನು ಎಳೆದ. ನೋಡಲು ಸ್ಟೀಲಿನ ಹಾಗೆ, ಎತ್ತಿದರೆ ಹಗುರ. ಯಾವುದೋ ಹಂಡೆಯ ಮುಚ್ಚಳವಾಗಿದ್ದಿರಬೇಕು, ಅಂಚು ಸ್ವಲ್ಪ ಮೇಲೆ ಮಡಚಿತ್ತು.

“ಟಿಟೇನಿಯಂ ಅಂತಾರ ಇದಕ್ಕ. ಬೆಸುಗಿ ಹಿಡ್ಯಂಗಿಲ್ಲ, ಬಡದರ ಬಗ್ಗಂಗಿಲ್ಲ, ಯಾರೂ ಒಯ್ಯಂಗಿಲ್ಲ,” ಎಂದ ಮಶಾಕ. “ಮೊನ್ನಿ ನಿಮ್ಮ ಸಡ್ಡಕ ನಾಗೇಂದ್ರಪ್ಪನೋರು ನೋಡಿ ಹೋಗ್ಯಾರ. ಮದುವಿಗಿ ಬೇಕು, ಮುಂದಿನ ವಾರ ಒಯ್ತೀನಿ ಅಂದಾರ.”

ಈ ಮಾತನ್ನು ಕೇಳಿದ ಮೇಲೆ ಸೂಗಪ್ಪನಿಗೆ ಅದು ತಾಟಿಗೆ ಬರುವುದೋ ಇಲ್ಲವೋ ಎಂಬ ವಿಚಾರವೇ ಹೊಳೆಯಲಿಲ್ಲ. ನಾಗೇಂದ್ರಪ್ಪ ಕಣ್ಣು ಹಾಕಿದ್ದೆಂದರೆ ಸಾಕಾಗಿತ್ತು. ಚೌಕಾಶಿಯನ್ನೂ ಮಾಡದೆ ಅದನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು, ದಾರಿಯಲ್ಲಿ ಷಡ್ಡಕ ಎದುರಾದಾನೆಂದು ಹಿಂದೆ ಮುಂದೆ ನೋಡುತ್ತ ಸ್ಟೇಷನ್ನಿಗೆ ಓಡಿದ.

ಭಾನುವಾರ ಇಡೀ ಓಣಿ ಹಿತ್ತಲಿನಲ್ಲಿ ಸೇರಿತು. ಈ ಸಲ ಬಾನಿಯಲ್ಲಿ ಬಟ್ಟೆ ಒಗೆಯುವ ಸೋಡಾದ ನೀರು. ಮೊದಲು ತಂತಿ ಅದಲು ಬದಲಾಗಿ ತಾಟಿನಿಂದ ಬರೀ ಗುಳ್ಳೆಗಳು ಎದ್ದವು. ಅದನ್ನೂ ಜನ ಬಹಳ ಮೆಚ್ಚಿಕೊಂಡು ನೋಡಿದರು. ತಂತಿ ತಿರುಗಿಸಿ ಕಟ್ಟಿದ ಮೇಲೆ, ಯಾರೂ ಮುಟ್ಟದೆ, ಯಾರೂ ಬಳಿಯದೆ, ತಾಟಿನ ಮೈ ಮೆಲ್ಲಗೆ ಬಂಗಾರದ ಬಣ್ಣಕ್ಕೆ ತಿರುಗಿತು. ಒಂದಿಷ್ಟು ಸೆಲ್ಲು ಕೂಡಿಸಿದರೆ ಬದನೆಕಾಯಿ ಬಣ್ಣ. ಇನ್ನಷ್ಟು ಕೂಡಿಸಿದರೆ ನೀಲಿ. ಅದೇ ನವಿಲಿನ ಕೊರಳಿನ ನೀಲಿ, ಅದೂ ಬಳೆಯಷ್ಟಲ್ಲ, ಎರಡು ಕೈ ಚಾಚಿ ಹಿಡಿಯುವಷ್ಟು. ಹಮೀದಾಬಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ನೀಲಾಬಾಯಿ ಎಷ್ಟೋ ದಿನಗಳ ಮೇಲೆ ಗಂಡನ ಮುಖ ನೋಡಿ, “ಸಾಕ್ರಿ, ಇಲ್ಲಿಗಿ ಸಾಕು. ಭಾಳ ಛಂದ ಆಗ್ಯದ,” ಎಂದಳು.

ಸೂಗಪ್ಪ ಗೆದ್ದಿದ್ದ. ರುಮಾಲೂ ಲೋಡೂ ಎರಡೂ ಅವನವೇ ಆಗಿದ್ದವು. ಆಗ ಅವನಿಗೆ ಒಂದು ಮಾತು ಕೇಳುವ ಬುದ್ಧಿ ಹುಟ್ಟಿತು.

“ಮಹಾದೇವಮ್ಮನ ಬಳಿಗಿಂತ ಛಂದ ಅದ ಹೌದಿಲ್ಲೋ?”

ನೀಲಾಬಾಯಿ ಸುಳ್ಳು ಹೇಳುವ ಹೆಂಗಸಲ್ಲ. ತಾಟನ್ನು ಓರೆಯಾಗಿ ಹಿಡಿದು ನೋಡಿ, “ಎರಡೂ ಒಂದೇ ಥರ ಅದಾವ,” ಎಂದಳು.

ಒಂದೇ ಥರ! ಕಡಿಮೆ ಎಂದಿದ್ದರೂ ಸೂಗಪ್ಪ ತಡೆದುಕೊಳ್ಳುತ್ತಿದ್ದನೇನೋ. ರೊಟ್ಟಿಯ ಹಂಚು ಹೋಗಿ, ಭರಣಿ ಕಪ್ಪಾಗಿ, ಗೋಡೆ ನೋಡುತ್ತ ಇಷ್ಟು ದಿನ ಉಂಡದ್ದು ಷಡ್ಡಕನ ಸರಿಸಮ ಆಗಲಿಕ್ಕೇ? ಹಮೀದಾಬಿಯ ಟ್ರಾನ್ಸಿಸ್ಟರಿನಲ್ಲಿ ಹಾಡು ಬರುತ್ತಿತ್ತು. ಅದರ ಬೆನ್ನು ಬಿಚ್ಚಿ ಸೆಲ್ಲುಗಳನ್ನು ಎತ್ತಿಕೊಂಡ. ಹಾಡು ನಡುವೆಯೇ ನಿಂತಿತು. ಇನ್ನೊಂದು ಸುತ್ತು ನೀಲಿ ಏರಲಿ ಎಂದು ಅವನ್ನೂ ದಬ್ಬೆಗೆ ಸೇರಿಸಿದ.

ನೀಲಿ ಏರಲಿಲ್ಲ, ಇಳಿಯಿತು. ಮೊದಲು ಆಕಾಶದ ಬಣ್ಣ, ಆಮೇಲೆ ಬೂದಿಯ ಬಣ್ಣ. ಕೊನೆಗೆ ಹಳೇ ಅಲ್ಯೂಮಿನಿಯಂ ಡಬ್ಬಿಯೊಂದನ್ನು ಬಾನಿಯಲ್ಲಿ ಮರೆತು ಬಿಟ್ಟಂತೆ ಕಂಡಿತು. ಸೂಗಪ್ಪ ಗಡಬಡಿಸಿ ಸೆಲ್ಲುಗಳನ್ನು ತೆಗೆದ, ಬಣ್ಣ ಮರಳಲಿಲ್ಲ. ತಂತಿ ತಿರುಗಿಸಿ ಕಟ್ಟಿದ, ಮರಳಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ, ಕೈ ತೊಳೆದಂತಾಯಿತು ಅಷ್ಟೇ.

“ಇದು ಮುಂದ ಹೋಗ್ತದ, ಹಿಂದ ಬರಂಗಿಲ್ಲ ಕಾಣ್ತದ,” ಎಂದಳು ನೀಲಾಬಾಯಿ.

ಹಾಗಾದರೆ ಮುಂದೆಯೇ ಹೋಗೋಣ ಎಂದು ಸೂಗಪ್ಪ ನಿಶ್ಚಯಿಸಿದ. ಸುತ್ತು ಹಾಕಿಕೊಂಡು ಬಸ್ಸು ಸ್ಟ್ಯಾಂಡಿಗೇ ಬರುವಂತೆ ಬಣ್ಣಗಳೂ ನೀಲಿಗೆ ಮರಳಿ ಬಂದೇ ಬರುತ್ತವೆ ಎಂದು ಅವನ ನಂಬಿಕೆ. ಅಂದಿನಿಂದ ಓಣಿಯ ಒಂದೊಂದೇ ರೇಡಿಯೋ ಬಾಯಿ ಮುಚ್ಚಿತು. ವಾರ್ತೆ ಕೇಳಬೇಕಾದವರು ಹೋಟೆಲಿಗೆ ಹೋಗತೊಡಗಿದರು. ಹಮೀದಾಬಿಯಂತೂ ಕತ್ತಲಾದ ಮೇಲೆ ಟಾರ್ಚಿಲ್ಲದೆ ಕೋಳಿಗಳನ್ನು ಹೆಸರು ಹಿಡಿದು ಕರೆದು ಗೂಡಿಗೆ ಹಾಕತೊಡಗಿದಳು. ತಾಟು ಬೂದಿಯಿಂದ ಹಳದಿಗೆ ಬಂತು. ಅದೂ ಕಾಮಾಲೆಯ ಹಳದಿ. ಮದುವೆ ಹತ್ತಿರ ಬಂದಿತ್ತು. ಊರಲ್ಲಿ ಉಳಿದದ್ದು ಮಿಲ್ಲಿನ ಸಾವುಕಾರನ ಟಾರ್ಚೊಂದೇ. ಮೊಳಕೈಯುದ್ದದ ಟಾರ್ಚು, ಹೊಟ್ಟೆ ತುಂಬ ಸೆಲ್ಲು. ಸೂಗಪ್ಪ ಅವನ್ನು ತೆಗೆದುಕೊಂಡು, ಎತ್ತಿದರೆ ತೂಕ ಕಡಿಮೆಯಾದದ್ದು ತಿಳಿಯಬಾರದೆಂದು ಒಳಗೆ ತೊಗರಿಬೇಳೆ ತುಂಬಿ ಇದ್ದಲ್ಲಿಯೇ ಇಟ್ಟ.

ಆ ಸೆಲ್ಲುಗಳೂ ಸೇರಿದ ಮೇಲೆ ಬಂದದ್ದು ನೀಲಿಯಲ್ಲ, ರಾಣಿ ಬಣ್ಣ! ಹೆಂಗಸರು ರೇಷ್ಮೆ ಅಂಗಡಿಯಲ್ಲಿ ಕೇಳಿ ಕೇಳಿ ಕೊಳ್ಳುತ್ತಾರಲ್ಲ, ಅದೇ ಕಡು ಗುಲಾಬಿ. ಅಂಚಿನಲ್ಲಿ ಸಣ್ಣಗೆ ಬಂಗಾರದ ಛಾಯೆ ಉಳಿದಿತ್ತು. ಸೂಗಪ್ಪ ಈ ಸಲ ಯಾರನ್ನೂ ಏನನ್ನೂ ಕೇಳಲಿಲ್ಲ. ಒಂದೇ ಉಸಿರಿಗೆ ತಂತಿ ಕಿತ್ತು ಹಾಕಿ ತಾಟನ್ನು ಬಿಳೇ ಅರಿವೆಯಲ್ಲಿ ಸುತ್ತಿಬಿಟ್ಟ.

ಸಂಜೆ ಸಾವುಕಾರ ಮನೆಗೆ ಬಂದ. ಕತ್ತಲೆಯ ಗೋದಾಮಿನಲ್ಲಿ ಚೀಲ ನೋಡಲು ಹೋಗಿ ಟಾರ್ಚು ಒತ್ತಿದ್ದನಂತೆ, ಹತ್ತಲಿಲ್ಲವಂತೆ. ಮುಚ್ಚಳ ಬಿಚ್ಚಿದಾಗ ಕಾಲ ಮೇಲೆ ಬೇಳೆ ಸುರಿಯಿತಂತೆ. ಅದನ್ನು ಒಂದು ಮುಷ್ಟಿ ಹಿಡಿದುಕೊಂಡೇ ಬಂದಿದ್ದ. ಸೂಗಪ್ಪ ಕಾಲಿಗೆ ಬೀಳಲು ಬಗ್ಗಿದಾಗ ಸಾವುಕಾರ ಮುಷ್ಟಿ ಬಿಚ್ಚಿ ತೋರಿಸಿದ.

“ಸೆಲ್ ತಗೊಂಡಿ, ಹೋಗ್ಲಿ. ನನ್ನ ಬ್ಯಾಟ್ರ್ಯಾಗ ಎರಡನೇ ನಂಬರಿನ ಬ್ಯಾಳಿ ಯಾಕ ತುಂಬಿದಿ?”

ಈ ಅಪಮಾನಕ್ಕೆ ಸೂಗಪ್ಪ ಕ್ಷಮೆ ಕೇಳಿದ ಮೇಲೆಯೇ ಮದುವೆಗೆ ರಜೆ ಸಿಕ್ಕಿತು.

ಸೇಡಂನ ಹಂದರದಲ್ಲಿ ಆಯೇರಿ ಕೂಗುವ ಕೆಲಸ ಎಂದಿನಂತೆ ಹಣಮಂತರಾಯನದು. ಮೈಕು ಬರುವ ಮೊದಲೇ ಅವನ ದನಿ ಸ್ಟೇಷನ್ನಿನವರೆಗೆ ಮುಟ್ಟುತ್ತಿತ್ತು. ಈಗ ಮೈಕೂ ಬಂದಿತ್ತು. ಅವನ ನಿಯಮ ಸರಳ. ಕೊಡುವವನು ಸ್ವತಃ ಮದುಮಗಳ ಕೈಗೆ ಕೊಡಬೇಕು, ಯಾರ ಕೈಯಿಂದ ಅವಳ ಕೈಗೆ ಹೋಯಿತೋ ಅವನ ಹೆಸರು ಕೂಗಬೇಕು. ಒಮ್ಮೆ ಕೂಗಿದ ಹೆಸರನ್ನು ತಿದ್ದುವುದು ಮದುಮಕ್ಕಳಿಗೆ ಒಳ್ಳೆಯದಲ್ಲವೆಂದು ತಿದ್ದುವ ಪದ್ಧತಿಯೇ ಇರಲಿಲ್ಲ. ಸಂಗಣ್ಣ ಹೊಸ ರುಮಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಲೋಡು ಖಾಲಿಯಿತ್ತು.

ಸೂಗಪ್ಪ ಹಂದರದ ನಡುವೆ ಬಂದು ಅರಿವೆ ಬಿಚ್ಚಿದ. ಬಿಸಿಲು ತಾಟಿನ ಮೇಲೆ ಬಿದ್ದು ಸುತ್ತ ಕೂತವರ ಮುಖದ ಮೇಲೆಲ್ಲ ರಾಣಿ ಬಣ್ಣ ಆಡಿತು. ಜನ ಎದ್ದು ನಿಂತರು. ಸಂಗಣ್ಣ ರುಮಾಲಿನ ಮಡಿಕೆ ಬಿಚ್ಚಿದ. ಇದು ಬಣ್ಣವಲ್ಲ, ತಾನೇ ಕರೆಂಟು ಕೊಟ್ಟು ಬರಿಸಿದ್ದು ಎಂದು ಸೂಗಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಹೇಳಬಾರದಿತ್ತು.

ಗಂಡಿನ ಸೋದರತ್ತೆ ಮುಧೋಳದವಳು. ಹೋದ ಮಳೆಗಾಲದಲ್ಲಿ ಕಡಿದು ಬಿದ್ದ ತಂತಿ ತುಳಿದು ಅವಳ ಎಮ್ಮೆ ಸತ್ತಿತ್ತು. ಅವಳು ಎದ್ದು ಬಂದು ಮದುಮಗಳ ಕೈಗಳನ್ನು ಸೆರಗಿನಲ್ಲಿ ಮುಚ್ಚಿದಳು. “ಕರೆಂಟ್ ಕೊಟ್ಟಿದ್ದು ನಮ್ಮ ಹುಡುಗಿ ಕೈಯಾಗ ಕೊಡಬ್ಯಾಡ್ರಿ,” ಎಂದಳು. ಗಂಡಿನ ಕಡೆಯವರೆಲ್ಲ ಅವಳ ಹಿಂದೆ ನಿಂತರು. ಸೂಗಪ್ಪ ಇದರಲ್ಲಿ ಕರೆಂಟಿಲ್ಲವೆಂದು ಆಣೆ ಮಾಡಿದ. ಇಡೀ ಓಣಿ ಮುಟ್ಟಿದೆ, ಹಮೀದಾಬಿಯ ಕೋಳಿಯೂ ಮೇಲೆ ಹತ್ತಿ ಇಳಿದಿದೆ ಎಂದ. ಯಾರೂ ನಂಬಲಿಲ್ಲ. ಕೊನೆಗೆ ಸಂಗಣ್ಣ, ಕಾರ್ಖಾನೆಯವರು ಮನೆಯಲ್ಲೇ ಇರುವಾಗ ಜಗಳವೇಕೆಂದು ನಾಗೇಂದ್ರಪ್ಪನನ್ನು ಕರೆಸಿದ.

ನಾಗೇಂದ್ರಪ್ಪ ಬಂದು ತಾಟನ್ನು ನೋಡಿದ. ಅವನು ಕಾರ್ಖಾನೆಯಲ್ಲಿ ಎಷ್ಟು ಹೆಣಗಿದರೂ ನೀಲಿಯನ್ನು ದಾಟಿದವನಲ್ಲ. ಮೇಲಾಗಿ ಅದು ತಾನು ಒಯ್ಯಬೇಕೆಂದಿದ್ದ ತಟ್ಟೆ ಎಂದು ಮಡಚಿದ ಅಂಚಿನಿಂದಲೇ ಗುರುತು ಹಿಡಿದ. ಅವನ ಮುಖ ಸಣ್ಣದಾಯಿತು, ತುಟಿ ಬಿಗಿಯಿತು, ಕಣ್ಣು ತಾಟಿನಿಂದ ಏಳಲಿಲ್ಲ. ಆ ಮುಖವನ್ನು ಸೂಗಪ್ಪ ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದ. ಷಡ್ಡಕನಿಗೆ ಹೊಟ್ಟೆ ಉರಿಯುತ್ತಿದೆ ಎಂದು ಗೊತ್ತಾದ ಆ ಗಳಿಗೆಯಷ್ಟು ಸುಖ ಅವನಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

“ಇಲ್ಲ ಅಂತ ಹ್ಯಾಂಗ ಹೇಳ್ಲಿ ಅಣ್ಣಾರ,” ಎಂದ ನಾಗೇಂದ್ರಪ್ಪ, ಬಹಳ ವಿನಯದಿಂದ. “ಬಳಿ ಅಂದ್ರ ಜರಾ ಕುಡೀತದ. ಇದು ತಾಟ. ಇಂಥಾ ಬಣ್ಣ ಬರಬೇಕಾದ್ರ ಎಷ್ಟು ಕುಡದದೋ ಏನೋ.”

ಹಂದರ ಒಂದು ಮಾರು ಹಿಂದೆ ಸರಿಯಿತು. ಪೂಜೆಗೆ ಬಂದಿದ್ದ ಅಯ್ಯನವರು ನಡುವಿನ ದಾರಿ ಹುಡುಕಿದರು. ತಾಟನ್ನು ನೆಲದ ಮೇಲೆ ಇಟ್ಟರೆ ಇದ್ದಷ್ಟು ಕರೆಂಟು ಭೂಮಿಗೆ ಇಳಿಯುತ್ತದೆ, ಅಲ್ಲಿಯವರೆಗೆ ಊಟ ಆಗಲಿ ಎಂದರು. ತಾಟು ನೆಲದ ಮೇಲೆ ಒಂಟಿಯಾಗಿ ಕೂತಿತು. ಬೇಗ ಇಳಿಯಲೆಂದು ಯಾರೋ ಸುತ್ತ ನೀರು ಚಿಮುಕಿಸಿದರು. ಸೂಗಪ್ಪ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಂದ ಬಂದವರಿಗೆಲ್ಲ ಇದರಲ್ಲಿ ಕರೆಂಟಿಲ್ಲ, ಇಲ್ಲ, ಇಲ್ಲ ಎಂದು ಹೇಳುತ್ತಲೇ ಇದ್ದ.

ಪಂಕ್ತಿ ಕೂತಿತು. ಮಹಾದೇವಮ್ಮ ಹೋಳಿಗೆಯ ಬುಟ್ಟಿ ಹಿಡಿದು ಬಡಿಸಲು ಬಂದಳು. ಮೊದಲಿಗೆ ಕೂತಿದ್ದವಳು ಅದೇ ಮುಧೋಳದ ಅತ್ತೆ. ನೀಲಿ ಬಳೆ ಕಂಡದ್ದೇ ಎಲೆಯನ್ನು ಎಳೆದುಕೊಂಡಳು. ಬಳೆಯೂ ಜರಾ ಕುಡಿಯುತ್ತದೆಂದು ಇವಳ ಗಂಡನೇ ಹೇಳಿದ್ದಾನಲ್ಲ ಎಂದಳು. ಪಕ್ಕದವಳೂ ಎಲೆ ಎಳೆದುಕೊಂಡಳು, ಅವಳ ಪಕ್ಕದವಳೂ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ನಡೆದರೂ ಬುಟ್ಟಿಯ ಹೋಳಿಗೆ ಹಾಗೆಯೇ ಉಳಿಯಿತು. ತವರಿನ ಮದುವೆಯಲ್ಲಿ ತನ್ನ ಕೈಯಿಂದ ಒಂದು ತುತ್ತನ್ನೂ ಯಾರೂ ಹಾಕಿಸಿಕೊಳ್ಳಲಿಲ್ಲವೆಂದು ಮಹಾದೇವಮ್ಮನ ಕಣ್ಣು ತುಂಬಿತು. ಬುಟ್ಟಿಯನ್ನು ಅಲ್ಲೇ ಇಳಿಸಿ ನೆಟ್ಟಗೆ ಗಂಡನ ಎದುರು ಹೋಗಿ ನಿಂತಳು.

“ಇದರಾಗ ಕರೆಂಟ್ ಅದೇನ್ರಿ?”

“ಇಲ್ಲ.”

“ತಾಟಿನ್ಯಾಗ?”

ನಾಗೇಂದ್ರಪ್ಪ ನೆಲ ನೋಡಿದ.

“ಹೋಗಿ ಎಲ್ಲಾರ ಎದುರು ಹೇಳಿ ಬರ್ರಿ. ಹೇಳಲಿಲ್ಲಂದ್ರ ಈ ಬಳಿ ತಗದು ನಿಮ್ಮ ಕೈಗಿ ಹಾಕ್ತೀನಿ.”

ನಾಗೇಂದ್ರಪ್ಪ ಎದ್ದು ಹೋಗಿ ಹೇಳಿದ. ಆದರೆ ಈಗ ಅವನ ಬಾಯಿಮಾತನ್ನೂ ಯಾರೂ ನಂಬಲಿಲ್ಲ. ಬೇರೆ ದಾರಿ ಕಾಣದೆ ಅವನು ಬಗ್ಗಿ ತಾಟನ್ನು ಎರಡೂ ಕೈಯಿಂದ ಎತ್ತಿದ. ಎದೆಗೆ ಒತ್ತಿಕೊಂಡ, ಕೆನ್ನೆಗೆ ಒತ್ತಿಕೊಂಡ, ತಲೆಯ ಮೇಲೆ ಇಟ್ಟುಕೊಂಡು ಒಂದು ಸುತ್ತು ತಿರುಗಿದ. ಹೆಂಗಸರು ಕಣ್ಣು ಮುಚ್ಚಿ ತೆರೆದರು. ಏನೂ ಆಗಲಿಲ್ಲ. ಷಡ್ಡಕ ತನ್ನ ಪರವಾಗಿ ಇಷ್ಟು ಕಷ್ಟಪಡುವುದನ್ನು ಕಂಡು ಸೂಗಪ್ಪನಿಗೆ, ಇಂಥವನ ಮೇಲೆ ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ನಾಗೇಂದ್ರಪ್ಪನ ಕಣ್ಣಲ್ಲೂ ನೀರಿತ್ತು. ಅದು ಹೆಂಡತಿ ಹೇಳಿದ ಮಾತಿಗೆ ಬಂದದ್ದಿರಬಹುದು.

ಪಂಕ್ತಿಯಿಂದ ಎದ್ದು ಬಂದು ಮತ್ತೆ ಮದುಮಗಳ ಕೈ ಹಿಡಿದಿದ್ದ ಮುಧೋಳದ ಅತ್ತೆ ಮೆಲ್ಲಗೆ ಅದನ್ನು ಬಿಟ್ಟಳು. “ಏನೂ ಆಗಂಗಿಲ್ಲ, ಹಿಡಿಯವ್ವಾ ಚಂದಮ್ಮ,” ಎಂದು ನಾಗೇಂದ್ರಪ್ಪ ತಾಟನ್ನು ಅವಳ ಎರಡೂ ಕೈಯಲ್ಲಿ ಇಟ್ಟ.

ಮುಹೂರ್ತದಿಂದ ಮೈಕು ಹಿಡಿದು ಕಾಯುತ್ತ ಕೂತಿದ್ದ ಹಣಮಂತರಾಯನಿಗೆ ಬೇಕಾಗಿದ್ದದ್ದು ಇಷ್ಟೇ. “ಮೊದಲ ಆಯೇರಿ! ಶಹಾಬಾದದ ನಾಗೇಂದ್ರಪ್ಪನೋರಿಂದ ಕರೆಂಟ್ ಕುಡದ ತಾಟ ಒಂದು!”

ಬಾಜಾ ಮೊಳಗಿತು. ಅಕ್ಕಿಕಾಳು ಬಿದ್ದವು. ಸಂಗಣ್ಣ ರುಮಾಲು ಹಿಡಿದು ಎದ್ದ. ನಾಗೇಂದ್ರಪ್ಪ ಅಲ್ಲವೆನ್ನಲು ಬಾಯಿ ತೆರೆದದ್ದು ಖರೆ, ಅದನ್ನು ಎಲ್ಲರೂ ನೋಡಿದ್ದಾರೆ. ಆದರೆ ಅಷ್ಟರಲ್ಲಿ ರುಮಾಲಿನ ಮೊದಲ ಸುತ್ತು ಬಿತ್ತು. ಎರಡನೆಯ ಸುತ್ತಿಗೆ ಬಾಯಿ ಮುಚ್ಚಿತು. ಮೂರನೆಯ ಸುತ್ತಿಗೆ ಕೈ ಮೀಸೆಯ ಮೇಲೆ ಹೋಯಿತು. ಆಮೇಲೆ ಅವನು ಹೋಗಿ ಮಾವನ ಪಕ್ಕ, ಲೋಡಿಗೆ ಒರಗಿ, ಕಾಲು ಮಡಚಿ ಕೂತ.

ನೀಲಾಬಾಯಿ ಗಂಡನನ್ನು ನೋಡಿದಳು. ತಾಟು ಯಾರದೆಂದು ಹಂದರದಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವರೂ ನೋಡಿದರು. ಸೂಗಪ್ಪ ನೆಲದಿಂದ ಎದ್ದ. ಧೋತರ ಕೊಡವಿಕೊಂಡ. ಜನರನ್ನು ಸರಿಸಿಕೊಂಡು ಹಣಮಂತರಾಯನ ಹತ್ತಿರ ಹೋಗಿ, ಅವನ ಕೈಯಿಂದ ಮೈಕು ತೆಗೆದುಕೊಂಡು, ಇಡೀ ಸೇಡಂಗೆ ಕೇಳುವ ಹಾಗೆ ಹೇಳಿದ:

“ಎಲ್ಲಾರೂ ಜರಾ ಹಿಂದ ಸರೀರಿ. ತಾಟಿನ್ಯಾಗ ಕರೆಂಟ್ ಅದ.”